ಬುರ್ಹಾನುದ್ದೀನ್ ಬೇಯಿಸಿದ ಮ್ಯಾಕರೋನಿ

ಬುರ್ಹಾನುದ್ದೀನ್ ಕುವೈತ್‌ನಲ್ಲಿ ಎರಡು ವರ್ಷ ಸಿಮೆಂಟ್ ಗೋದಾಮು ಕಾದು ರಾಯಚೂರಿಗೆ ಮರಳಿದಾಗ ಟೇಪ್‌ರಿಕಾರ್ಡರ್, ಅತ್ತರು, ಕಂಬಳಿಗಳ ಜೊತೆಗೆ ಯಾರೂ ಕೇಳದ ಒಂದು ವಿದ್ಯೆಯನ್ನೂ ಹೊತ್ತು ತಂದಿದ್ದ. ಮ್ಯಾಕರೋನಿ ಬೇಯಿಸುವುದು ಈ ಜಿಲ್ಲೆಯಲ್ಲಿ ತನ್ನ ಹೊರತು ಯಾರಿಗೂ ಗೊತ್ತಿಲ್ಲ ಎಂದು ಅವನ ನಂಬಿಕೆ. ನಿಜಕ್ಕೂ ಯಾರಿಗೂ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ.

ಅವನ ಹೆಂಡತಿ ಕುಬ್ರಾ ಬೇಗಂ ದೇವದುರ್ಗದವಳು. ಶಾವಿಗೆ ಬಸಿಯುವುದರಲ್ಲಿ ಅವಳ ಕೈ ಪಳಗಿತ್ತು. ಮಗಳು ಜಾಹೆದಾಳನ್ನು ನೋಡಲು ಮಾನ್ವಿಯಿಂದ ಹುಡುಗನ ಕಡೆಯವರು ಬರುವ ದಿನವೇ ಗಂಡ ಪ್ಯಾಕೆಟ್ ಹಿಡಿದು ಸ್ಟೋವಿನ ಮುಂದೆ ಕೂತದ್ದು ಕಂಡು ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬಂದಳು. ಹಿಂದೆ ಬಂದ ಸಂಬಂಧಗಳು ಈ ಮನುಷ್ಯನ ಬಡಾಯಿ ಕೇಳಿಯೇ ಎದ್ದು ಹೋಗಿದ್ದವು. ಇದೊಂದಾದರೂ ಕೂಡಿಬರಲಿ ಎಂದು ಅವಳು ದರ್ಗಾಕ್ಕೆ ಹರಕೆ ಹೊತ್ತಿದ್ದಳು.

ಅವನು ಅನ್ನಕ್ಕೆ ಇಟ್ಟಂತೆ ಅಳೆದು ತಣ್ಣೀರು ಹೊಯ್ದು, ಮ್ಯಾಕರೋನಿ ಸುರಿದು, ಮುಚ್ಚಳ ಮುಚ್ಚಿದ.

"ನೀರು ಭಾಳ ಇಡ್ರಿ. ಕುದಿ ಬಂದ ಮ್ಯಾಲ ಹಾಕಿ, ಬೆಂದ ಕೂಡ್ಲೆ ಬಸೀರಿ. ಇದೂ ಶಾವಿಗಿ ಇದ್ದಂಗ ಅಲ್ಲೇನ್ರಿ?" ಎಂದಳು ಕುಬ್ರಾ.

"ಶಾವಿಗಿ ಬ್ಯಾರೆ, ಇದು ಬ್ಯಾರೆ. ಬಸಿದ್ರ ತಾಕತ್ತೆಲ್ಲ ಗಟಾರಕ್ಕ ಹೋಗ್ತದ. ನೀ ಕುವೈತ್ ನೋಡೀಯೇನು?"

ಅವಳು ನೋಡಿರಲಿಲ್ಲ. ಸುಮ್ಮನಿರುವುದನ್ನು ಅವಳು ಈ ಮನೆಗೆ ಬಂದ ಹೊಸತರಲ್ಲೇ ಕಲಿತಿದ್ದಳು.

ಮುಚ್ಚಳ ತೆಗೆದರೆ ಒಳಗೆ ಸಿನಿಮಾ ಪೋಸ್ಟರ್ ಹಚ್ಚುವ ಅಂಟಿನಂಥದ್ದು ಕೂತಿತ್ತು. ಸೌಟು ಅದರಲ್ಲಿ ನೆಟ್ಟಗೆ ನಿಂತಿತು. ಬುರ್ಹಾನುದ್ದೀನ್ ಮೇಲೆ ಖೀಮಾ ಸುರಿದು, ಪಡಸಾಲೆಗೆ ತಾನೇ ಹೊತ್ತು ನಡೆದ.

ಅಲ್ಲಿ ಹುಡುಗನ ತಂದೆ ಗುಲಾಮ್ ದಸ್ತಗೀರ್ ಕೂತಿದ್ದ. ಮಗನಿಗೆ ಕುವೈತ್ ವೀಸಾ ಕೊಡಿಸುತ್ತೇನೆಂದು ಬುರ್ಹಾನುದ್ದೀನ್ ಮಾತು ಕೊಟ್ಟಿದ್ದನಲ್ಲ, ಹಾಗಾಗಿ ಆತ ಮೊದಲ ತುತ್ತು ಗಂಟಲಿಳಿಯುವ ಮುಂಚೆಯೇ ಹೊಗಳತೊಡಗಿದ. ಪರದೆಯ ಒಳಗೆ ಹುಡುಗನ ತಾಯಿ ರಂಜಾನಬಿ ಬಾಯಲ್ಲಿದ್ದುದನ್ನು ಈ ದವಡೆಯಿಂದ ಆ ದವಡೆಗೆ ಹೊರಳಿಸುತ್ತ, ಇಂಥದ್ದನ್ನು ತಮ್ಮ ವಂಶದಲ್ಲೇ ಯಾರೂ ತಿಂದಿಲ್ಲ ಎಂದಳು. ಅದೇನೂ ಸುಳ್ಳಲ್ಲ.

ಯಾರಾದರೂ ಒಬ್ಬರು ಇದು ಮುದ್ದೆಯಾಗಿದೆ ಎಂದಾರೇ ಎಂದು ಕುಬ್ರಾ ಕಿವಿಗೊಟ್ಟು ಕಾದಳು. ಅಂದುಬಿಟ್ಟರೆ ಸಂಬಂಧ ಮುರಿಯುತ್ತದೆಂಬ ಹೆದರಿಕೆ. ಅನ್ನದಿದ್ದರೆ ಹೊಟ್ಟೆಯುರಿ.

ಹೊಗಳಿಕೆ ಬುರ್ಹಾನುದ್ದೀನನ ನೆತ್ತಿಗೇರಿತು. "ಹಂಗಾದ್ರ ನಿಕಾಹದ ಊಟಕ್ಕ ಬಿರ್ಯಾನಿ ಬ್ಯಾಡ. ಮಾನ್ವಿ ಮಂದಿಗೆಲ್ಲ ನಾನೇ ಕೈಯಾರೆ ಮ್ಯಾಕರೋನಿ ಮಾಡಿ ಹಾಕ್ತೀನಿ."

ಬಿರ್ಯಾನಿಯಿಲ್ಲದ ನಿಕಾಹಕ್ಕೆ ನೆಂಟರನ್ನು ಕರೆತಂದರೆ ದಸ್ತಗೀರ್ ಮಾನ್ವಿ ಬಜಾರಿನಲ್ಲಿ ತಲೆಯೆತ್ತಿ ತಿರುಗುವಂತಿರಲಿಲ್ಲ. ಬೇಡವೆಂದರೆ ವೀಸಾ ಇಲ್ಲ. ಕೊನೆಗೆ, "ಭಾಳ ಚಲೋ ಆತು ಬಿಡ್ರಿ" ಎಂಬ ಅವನ ಸಣ್ಣ ದನಿ ಕೇಳಿತು.

ರಂಜಾನಬಿ ಕುಬ್ರಾಳ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದೊಯ್ದಳು. "ಆಪಾ, ಖರೇ ಹೇಳ್ರಿ. ಇದನ್ನ ನೀವು ಹೆಂಗ ತಿಂತೀರಿ?"

"ನೀವು ಈಗ ತಿಂದ್ರಲ್ಲ, ಹಂಗ. ಹೊಗಳಿಕೋತ."

ಹೇಳಿದ ಮೇಲೆ ಕುಬ್ರಾಳಿಗೆ ಕೈಗೆ ಬಂದ ಸಂಬಂಧವನ್ನು ತಾನೇ ಒದೆಯುತ್ತಿದ್ದೇನೆ ಎನ್ನಿಸಿತು. ಆದರೆ ಇಷ್ಟು ವರ್ಷ ನುಂಗಿದ್ದೆಲ್ಲ ಒಮ್ಮೆಲೇ ಗಂಟಲಿಗೆ ಬಂದಿತ್ತು, ನಿಲ್ಲಲಿಲ್ಲ.

"ಜಾಹೆದಾಗ ಎಲ್ಲಾ ಅಡಿಗಿ ಕಲಿಸೀನಿ. ಹಿಂಗ ತಿನ್ನೋದೊಂದು ಕಲಿಸಿಲ್ಲ. ನಿಮ್ಮ ಮನ್ಯಾಗೂ ಆಕಿ ಕೆಟ್ಟಿದ್ದು ಕೆಟ್ಟೈತಿ ಅಂತಾಳ, ಗಂಡಸ್ರ ಮುಂದೂ ಅಂತಾಳ. ಈಗ ಬೇಕಂದ್ರ ಸಂಬಂಧ ಮಾಡ್ರಿ, ಬ್ಯಾಡಂದ್ರ ಬಿಡ್ರಿ."

ಹೊರಗೆ ದಸ್ತಗೀರ್ ಇನ್ನೊಂದು ಸೌಟು ಹಾಕಿಸಿಕೊಂಡು ಮತ್ತೆ ಹೊಗಳುತ್ತಿದ್ದ. ರಂಜಾನಬಿ ಗಂಡನ ಆ ದನಿಯನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ ತನ್ನ ತಟ್ಟೆಯನ್ನು ಮೋರಿಯ ಹತ್ತಿರ ಇಟ್ಟು ಕೈ ತೊಳೆದಳು.

"ಮಾಡ್ತೀವಿ, ಆಪಾ. ನಮ್ಮ ಮನ್ಯಾಗ ಅಂಥಾಕಿ ಒಬ್ಬಾಕಿ ಬೇಕಾಗಿ ಭಾಳ ವರ್ಷ ಆತು."