ಗುಳಿಗನಿಗೆ ತೆಗೆದಿಟ್ಟ ಬಾಟ್ಲಿ

ಮೂರನೇ ಡಾಕ್ಟ್ರು ಮಾರಾಯ್ರೇ! ನಾಲ್ಕು ಬೆರಳು ಹೋದದ್ದು ಹೌದೋ ಅಲ್ಲವೋ ಅಂತ ನೋಡಲಿಕ್ಕೆ ಎಷ್ಟು ಜನ ಬೇಕು? ಕುರುಡ ಮುಟ್ಟಿ ನೋಡಿದರೂ ಗೊತ್ತಾಗ್ತದೆ.

ಆದರೆ ತಕರಾರು ಬೆರಳಿನದ್ದಲ್ಲ. ನನ್ನ ಗಂಡ ಕಮಲಾಕ್ಷ ಬಂಟ್ವಾಳದ ಒಂದು ಹಂಚಿನ ಕಾರ್ಖಾನೆಯಲ್ಲಿ ಹಂಚು ಒತ್ತುವ ಪ್ರೆಸ್ಸಿನ ಕೆಲಸದಲ್ಲಿದ್ದ. ಅವನ ಬಲಗೈ ಪ್ರೆಸ್ಸಿಗೆ ಸಿಕ್ಕಿದ ದಿನ ಧಣಿಗಳ ಡಾಕ್ಟ್ರು ‘ಬಾಯಿಯಲ್ಲಿ ಸಾರಾಯಿ ವಾಸನೆ ಉಂಟು’ ಅಂತ ಬರೆದುಬಿಟ್ಟರು. ಕುಡಿದು ಯಂತ್ರಕ್ಕೆ ಕೈ ಕೊಟ್ಟವನಿಗೆ ಕಾನೂನಿನಲ್ಲಿ ಪರಿಹಾರ ಇಲ್ಲವಂತೆ. ನಾವು ತೋರಿಸಿದ ಡಾಕ್ಟ್ರು ‘ಇವ ಕುಡಿಯುವವನಲ್ಲ’ ಅಂತ ಬರೆದರು. ಹಾಗಾಗಿ ಯಾರ ಕಡೆಗೂ ಸೇರದವರು ಒಬ್ಬರು ನೋಡಲಿ ಅಂತ ಪರಿಹಾರದ ಆಫೀಸಿನವರು ನಮ್ಮನ್ನು ಮೂಡಬಿದ್ರೆಯ ಸುಧಾಕರ ಡಾಕ್ಟ್ರ ಹತ್ರ ಕಳಿಸಿದರು. ಅಷ್ಟರಲ್ಲಿ ಹತ್ತು ತಿಂಗಳು ಹೋಗಿತ್ತು. ಬೀಡಿ ಕಟ್ಟಿ ಕಟ್ಟಿ ನಾನು ಸೋತು ಸುಣ್ಣವಾಗಿದ್ದೆ.

ವಾಸನೆ ಇದ್ದದ್ದು ನಿಜ. ಅದು ಎಲ್ಲಿಂದ ಬಂತು ಅಂತ ನನಗೆ ಗೊತ್ತುಂಟು. ನಮ್ಮ ಮನೆ ಕಾರ್ಖಾನೆಯ ಬೇಲಿಯಾಚೆ. ಬೊಬ್ಬೆ ಕೇಳಿ ಓಡುವಾಗ ಕೈಗೆ ಸಿಕ್ಕಿದ್ದು ನಮ್ಮ ದೈವ ಗುಳಿಗನಿಗೆ ಬಡಿಸಲು ತೆಗೆದಿಟ್ಟ ಸಾರಾಯಿ ಬಾಟ್ಲಿ. ಗಾಯಕ್ಕೆ ಹೊಯ್ದೆ. ಅವ ನೋವಿಗೆ ಹೊರಳಾಡುವಾಗ ಬಾಯಿಗೂ ಹೊಯ್ದೆ. ಅದುವರೆಗೆ ಗುಳಿಗನ ಪ್ರಸಾದ ಅಂತ ಕೊಟ್ಟರೂ ನಾಲಿಗೆಗೆ ಮುಟ್ಟಿಸದ ಮನುಷ್ಯ ಅವ. ಆದರೆ ಅರುವತ್ತೊಂದನೇ ಇಸವಿ, ಜಿಲ್ಲೆಯಲ್ಲಿ ಪಾನನಿಷೇಧ. ಮನೆಯಲ್ಲಿ ಬಾಟ್ಲಿ ಇತ್ತು ಅಂದರೆ ಜೈಲು. ಕಣ್ಣಾರೆ ಕಂಡ ಕೆಲಸದವರು ನನ್ನನ್ನು ಉಳಿಸಲಿಕ್ಕೆ ಬಾಯಿ ಮುಚ್ಚಿದರು. ನಾನೂ ಮುಚ್ಚಿದೆ.

ಸುಧಾಕರ ಡಾಕ್ಟ್ರು ಗಡಿಬಿಡಿಯ ಜನ ಅಲ್ಲ. ಗಾಯ ನೋಡಿದರು, ನಾಲಿಗೆ ನೋಡಿದರು, ಹೊಟ್ಟೆಯ ಬಲಬದಿ ಒತ್ತಿದರು. “ಎಡಗೈ ಚಾಚು” ಅಂದರು. ಚಾಚಿದ. ಗಡಗಡ ನಡುಗಿತು.

“ಕುಡಿಯುವುದು ಎಷ್ಟು ವರ್ಷದಿಂದ?”

ಅವ ಕೈ ಹಿಂದಕ್ಕೆ ಎಳೆದುಕೊಂಡ. ನೋವು ಅಂತ, ನಿದ್ದೆ ಇಲ್ಲ ಅಂತ, ಈ ಹತ್ತು ತಿಂಗಳಲ್ಲಿ ಅವ ಅದಿಲ್ಲದೆ ಏಳದ ಹಾಗಾಗಿದ್ದ. ಶುರುವಿಗೆ ಕದ್ದು ತಂದುಕೊಟ್ಟದ್ದೂ ನಾನೇ.

“ನೋಡಮ್ಮ,” ಅಂದರು ಡಾಕ್ಟ್ರು, “ಇವನಿಗೆ ಈಗ ಕುಡಿತ ಹಿಡಿದಿದೆ. ಅದನ್ನು ಬರೆಯದೆ ಇರಲಿಕ್ಕೆ ಆಗುವುದಿಲ್ಲ. ಆದರೆ ಕೈ ಹೋದ ದಿನ ಕುಡಿದಿದ್ದನಾ ಅಂತ ನಾನು ಇವತ್ತು ಹೇಗೆ ಹೇಳಲಿ? ಯಾವಾಗ ಶುರುವಾಯಿತು ಅಂತ ಹೇಳುವವರು ಯಾರಾದರೂ ಉಂಟಾ?”

“ಬೇಡ ನೀಲಾವತಿ, ಮನೆಗೆ ಹೋಗುವ,” ಅಂದ ಕಮಲಾಕ್ಷ.

ನನಗೆ ಸಾಕೋ ಸಾಕಾಗಿತ್ತು. “ನಾನುಂಟು. ಬರೀರಿ,” ಅಂದೆ. “ಕೈ ಹೋದ ಮೇಲೆ ಮೊದಲ ಗುಟುಕು ಅವನ ಬಾಯಿಗೆ ಹೊಯ್ದದ್ದು ನಾನು. ಬಾಟ್ಲಿ ನಮ್ಮ ಮನೆಯದ್ದು.”

“ಇದು ಪೊಲೀಸರ ತನಕ ಹೋಗ್ತದೆ.”

“ಹೋಗಲಿ. ನಾನು ಎಷ್ಟೂಂತ ಅಡಗಿಸಿಡುವುದು?”

ಅವರು ನಾನು ಹೇಳಿದ ಹಾಗೇ ಬರೆದರು. ನಾನು ಹೆಬ್ಬೆಟ್ಟು ಒತ್ತಿದೆ. ಆ ಮೇಲೆ ಬಾಯಿ ಬಂದದ್ದು ಕಾರ್ಖಾನೆಯ ಕೆಲಸದವರಿಗೆ. ಇಬ್ಬರು ಹೋಗಿ ಸಾಕ್ಷಿಯೂ ಹೇಳಿದರು.

ಪರಿಹಾರ ಮಂಜೂರಾಯಿತು. ನನಗೆ ಒಂದು ತಿಂಗಳು ಸಜೆಯೂ ಆಯಿತು.

ಬಿಡುಗಡೆಯ ದಿನ ಕಮಲಾಕ್ಷ ಜೈಲಿನ ಗೇಟಿಗೆ ಬಂದಿದ್ದ, ಹೊಸ ಅಂಗಿ ಹಾಕಿಕೊಂಡು. ಹತ್ತಿರ ಬರುವಾಗ ಅದೇ ವಾಸನೆ. “ನೀನಿಲ್ಲದೆ ಆಗ್ಲಿಲ್ಲ ಮಾರಾಯ್ತಿ,” ಅಂತ ಅತ್ತ. ಯಾವ ಬಾಯಲ್ಲಿ ಬೈಯುವುದು ನಾನು? ನಡುಗುವ ಕೈ ಹಿಡಿದು ಬಸ್ಸಿಗೆ ಹತ್ತಿಸಿದೆ.

ಮನೆಗೆ ಮುಟ್ಟಿದವಳು ಮೊದಲು ಹೋದದ್ದು ಗುಳಿಗನ ಕಲ್ಲಿನ ಹತ್ರ. ಒಂದು ಎಳನೀರು ಕೆತ್ತಿ ಎದುರಿಗಿಟ್ಟೆ. “ಇನ್ನು ಈ ಮನೆಯಲ್ಲಿ ನಿನಗೂ ಇದೇ,” ಅಂದೆ. “ಸಿಟ್ಟು ಬಂದರೆ ನನ್ನ ಮೇಲೆ ತೀರಿಸು. ಅವನನ್ನು ಬಿಟ್ಟುಬಿಡು.”