ಗಾಡಿಯ ಬೆನ್ನು

"ಗಾಡಿ ಬಂತು. ಗೇಟು ತೆಗಿ ಮಗಾ."

ಒಳಕೋಣೆಯಿಂದ ಅಮ್ಮನ ಧ್ವನಿ ಬಂದಾಗ ಅವನು ಅಂಗೈಯಗಲದ ಆಟಿಕೆ ಕಾರಿನ ಹಿಂಭಾಗವನ್ನು ಅರ್ಧ ಕೊಯ್ದಿದ್ದ. ಎಳೆಯಂಥ ಗರಗಸ ಅದು. ನಡುವೆ ಕೈ ಬಿಟ್ಟರೆ ಗೀರು ಸೊಟ್ಟಗಾಗುತ್ತದೆ. ಆದರೂ ಬಿಟ್ಟು ಎದ್ದ. ಏಳದಿದ್ದರೆ ಅವಳೇ ಗೋಡೆ ತಡವಿಕೊಂಡು ಬರುತ್ತಾಳೆ, ಹೊಸ್ತಿಲಿಗೆ ಎಡವುತ್ತಾಳೆ, ಆಮೇಲೆ ಅಕ್ಕನಿಗೆ ಉತ್ತರ ಹೇಳುವವರು ಯಾರು?

ಗೇಟು ತೆರೆದೇ ಇತ್ತು. ಕೀಲು ಜಗ್ಗಿದ ಹಳೆಯ ಕಬ್ಬಿಣದ ಗೇಟು. ತೆಗೆಯಲು ಬೆರಳು ಸಾಕು, ಹಾಕಬೇಕೆಂದರೆ ಬಗ್ಗಿ ಎರಡೂ ಕೈಯಿಂದ ತಳ್ಳಬೇಕು. ಹಾಗಾಗಿ ಅವನು ಅದನ್ನು ಹಾಕುವುದನ್ನೇ ಬಿಟ್ಟಿದ್ದ. ಸಂಜೆ ಅಮ್ಮ ಕೂಗಿದಾಗ ಹೋಗಿ ಚಿಲಕ ಅಲ್ಲಾಡಿಸಿ ಸದ್ದು ಮಾಡಿ ಬರುತ್ತಿದ್ದ. ಈ ಸಂಜೆಯೂ ಅಷ್ಟೇ ಮಾಡಿದ. ಬೀದಿಯಲ್ಲಿ ಸೈಕಲ್ ರಿಪೇರಿಯವನ ನಾಯಿ ಮಲಗಿತ್ತು, ಬೇರೇನೂ ಇರಲಿಲ್ಲ. ತಿರುಗಿ ಹೊರಟಾಗಲೇ ಗೊತ್ತಾದದ್ದು, ತಾನು ಇಷ್ಟು ಹೊತ್ತೂ ಕಾಂಪೌಂಡಿನ ಗೋಡೆಗೆ ಬೆನ್ನು ಒತ್ತಿಕೊಂಡು ನಿಂತಿದ್ದೆ ಎಂದು. ಒಳಗೆ ಬರುವ ಗಾಡಿಗೆ ದಾರಿ ಬಿಡುವವರು ಹಾಗೆ ನಿಲ್ಲುತ್ತಾರೆ.

"ಬಂತಾ?" ಎಂದಳು ಅಮ್ಮ.

"ಇಲ್ಲಮ್ಮ. ಬೇರೆ ಯಾರದ್ದೋ."

"ಹಾಗಾದ್ರೆ ಊಟ ಆಮೇಲೆ." ಬಾಯಿಂದ ಹಲ್ಲಿನ ಸೆಟ್ಟನ್ನು ತೆಗೆದು, ಮಂಚದ ಪಕ್ಕದ ಬಟ್ಟಲನ್ನು ತಡವಿ ಅದರ ನೀರಿಗೆ ಬಿಟ್ಟಳು. ಹಲ್ಲು ನೀರಿಗೆ ಬಿತ್ತೆಂದರೆ ಆ ಹೊತ್ತಿನ ಊಟದ ಮಾತು ಮುಗಿಯಿತು.

ಆ ಹಲ್ಲು ಮಾಡಿದವನು ಅವನೇ. ಬೀದಿಯವರ ಬಾಯಲ್ಲಿ ಅವನು ಹಲ್ಲಣ್ಣ. ದಂತವೈದ್ಯರು ಕಳಿಸುವ ಅಚ್ಚುಗಳಿಗೆ ಮೇಣ ತುಂಬಿ, ಗುಲಾಬಿ ಅಕ್ರಿಲಿಕ್ಕಿನಲ್ಲಿ ವಸಡು ಎರೆದು, ಒಂದೊಂದೇ ಹಲ್ಲು ಕೂರಿಸುತ್ತ ಅವನ ತಲೆ ಬೆಳ್ಳಗಾಗಿತ್ತು. ಮದುವೆ ಯಾಕೋ ಕೂಡಿ ಬರಲಿಲ್ಲ. ಕೇಳಿದವರಿಗೆ, "ಊರವರ ಬಾಯಿಗೆಲ್ಲ ಕೈ ಹಾಕೋನನ್ನ ಯಾರು ಮಾಡ್ಕೋತಾರೆ?" ಎಂದು ನಗಿಸುತ್ತಿದ್ದ.

ಅಪ್ಪ ಹೋದಾಗ ಅವನು ಇನ್ನೂ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ಅಪ್ಪ ಎಲ್ಲಿಂದಲೋ ಒಂದು ಹಳೆಯ ಸ್ಪೋರ್ಟ್ಸ್ ಕಾರು ತಂದಿದ್ದ: ನೆಲಕ್ಕೆ ಅಂಟಿದಂಥ ತಗ್ಗು ಗಾಡಿ, ತಲೆಯ ಮೇಲೆ ಮುಚ್ಚಳವಿಲ್ಲ, ಎರಡೇ ಸೀಟು. ಒಂದು ಬೆಳಿಗ್ಗೆ ಅದರಲ್ಲಿ ಕೂತು ಹೋದ. ಅವನೂ ಬರಲಿಲ್ಲ, ಗಾಡಿಯೂ ಬರಲಿಲ್ಲ. ಅಪಘಾತವಾಯಿತೆಂಬ ಸುದ್ದಿಯಿಲ್ಲ, ಎಲ್ಲೋ ಕಂಡೆವೆಂದು ಹೇಳಿದವರಿಲ್ಲ. ಅಮ್ಮ ಆ ವಿಷಯಕ್ಕೆ ಬೀಗ ಹಾಕಿಬಿಟ್ಟಳು. ಮಕ್ಕಳು ಕೇಳಲು ಹೆದರಿದರು, ಹೆದರುತ್ತಲೇ ಮುದುಕರಾದರು. ಈ ವರ್ಷ ಅಮ್ಮನ ಕಣ್ಣು ಪೂರ್ತಿ ಹೋಯಿತು. ಕಣ್ಣು ಹೋದ ಮೇಲೆ ಗಾಡಿ ಬರತೊಡಗಿತು.

ಮೊದಮೊದಲು ಅದು ಅವಳೊಬ್ಬಳಿಗೇ ಕೇಳುತ್ತಿತ್ತು. ಈಚೆಗೆ ಒಮ್ಮೊಮ್ಮೆ, ಅರ ಹಿಡಿದ ಕೈ ನಿಂತಾಗ, ಅವನಿಗೂ ಬೀದಿಯ ತಿರುವಿನಲ್ಲಿ ಎಂಜಿನ್ನಿನ ಒಣ ಕೆಮ್ಮು ಕೇಳಿದಂತಾಗುತ್ತಿತ್ತು. ಅಕ್ಕನಿಗೆ ಇದನ್ನು ಹೇಳಿರಲಿಲ್ಲ.

ಗಾಡಿ ಬರದೆ ಅಮ್ಮ ರಾತ್ರಿ ಉಣ್ಣುವುದಿಲ್ಲ, ಗಾಡಿ ಬರುವುದಿಲ್ಲ. ಅವಳ ಮೈಯಲ್ಲಿ ಮೂಳೆ ಎದ್ದು ಕಾಣುತ್ತಿತ್ತು. ಹೀಗೇ ಆದರೆ ಕಷ್ಟ ಎಂದು ಡಾಕ್ಟರು ಮುಖ ನೋಡದೆ ಹೇಳಿದ್ದರು. ಬಾರದ ಗಾಡಿಯನ್ನು ತಾನೇ ಮಾಡಿ ಅವಳ ಕೈಗೆ ಕೊಟ್ಟರೆ ಹೇಗೆ ಎಂದು ಅವನಿಗೆ ಹೊಳೆದದ್ದು ಹಾಗೆ.

ಜೋಡಿಸುವ ಕಾರಿನ ಕಿಟ್‌ಗಳನ್ನು ಮಾರುವ ಅಂಗಡಿಯವನು ಡಬ್ಬಿಯನ್ನು ಕೊಡುವಾಗಲೇ ಎಚ್ಚರಿಸಿದ್ದ. "ಇದು ಬೇಡ ಸಾರ್. ಇದರ ಅಚ್ಚೇ ತಪ್ಪು. ಹಿಂಭಾಗ ಕುಗ್ಗಿ ಕೂತಿದೆ. ತಗೊಂಡೋರೆಲ್ಲ ಬೈಕೊಂಡೇ ಜೋಡಿಸ್ತಾರೆ."

"ಎಷ್ಟು ಕುಗ್ಗಿದೆ?"

"ಉಗುರಿನ ದಪ್ಪ, ಅಷ್ಟೇ. ಆದ್ರೆ ಕಣ್ಣಿಗೆ ಹೊಡೆಯುತ್ತೆ."

ಮುಚ್ಚಳ ತೆಗೆದು ನೋಡಿದಾಗ ಅವನ ಕಣ್ಣಿಗೂ ಹೊಡೆಯಿತು; ಅದೂ ಉಗುರಿನ ದಪ್ಪದಷ್ಟಲ್ಲ. ಅವನ ನೆನಪಿನಲ್ಲಿದ್ದದ್ದು ಒಂದೇ ಚಿತ್ರ: ತಾನು ಗಾಡಿಯ ಹಿಂದೆ ಗೇಟಿನ ಕಡೆ ಓಡುತ್ತಿದ್ದೇನೆ, ಎದುರಿಗೆ ಗಾಡಿಯ ಬೆನ್ನು. ದೊಡ್ಡದು, ಗುಡ್ಡದಂತೆ ಉಬ್ಬಿದ್ದು, ಪಾಚಿಹಸಿರು. ಅಪ್ಪನ ತಲೆಯನ್ನೂ ಅದು ಮರೆಮಾಡಿತ್ತು. ಅಪ್ಪನ ಮುಖ ಮರೆತೇಹೋಗಿದ್ದರೂ ಆ ಬೆನ್ನು ಮಾತ್ರ ಕಣ್ಣು ಮುಚ್ಚಿದರೆ ಎದ್ದು ನಿಲ್ಲುತ್ತಿತ್ತು.

ಹಿಂಭಾಗವನ್ನು ಅಡ್ಡಕ್ಕೆ ಕೊಯ್ದು, ಮೇಲಿನ ತುಂಡನ್ನು ಎತ್ತಿ, ನಡುವೆ ವಸಡಿನ ಗುಲಾಬಿ ಅಕ್ರಿಲಿಕ್ಕಿನ ಪಟ್ಟಿ ಇಟ್ಟ. ಸಂದಿಗೆ ಪುಟ್ಟಿ ತುಂಬಿ, ಅರದಿಂದ ಉಜ್ಜಿ, ಉಪ್ಪುಕಾಗದದಿಂದ ನುಣುಪು ಮಾಡಿ, ಹಸಿರು ಬಣ್ಣ ಹೊಡೆದ. ಸಾಲದು ಅನ್ನಿಸಿತು. ಮತ್ತೆ ಕೊಯ್ದು ದಪ್ಪದ ಪಟ್ಟಿ ಇಟ್ಟ. ಸಾಕಾಯಿತು ಅನ್ನಿಸಿದಾಗ ಇನ್ನೊಂದು ತೊಂದರೆ ಶುರುವಾಯಿತು. ಕನ್ನಡಿಯಂತೆ ನಯವಾಗಿದ್ದ ಬಣ್ಣದ ಮೇಲೆ ಕೆಲವು ದಿನಕ್ಕೆ ಕೊಯ್ದ ಗೀರು ಮತ್ತೆ ಮೂಡಿತು. ಉಜ್ಜಿ ಹೊಸ ಬಣ್ಣ ಹೊಡೆದರೆ ಮತ್ತೆ ಅದೇ ಜಾಗದಲ್ಲಿ ಅದೇ ಗೀರು.

"ಅದು ದೆವ್ವ ಸಾರ್," ಎಂದು ಅಂಗಡಿಯವನು ನಕ್ಕ. "ನಾವು ಹಾಗೇ ಕರೆಯೋದು. ಪುಟ್ಟಿ ಒಳಗೊಳಗೇ ಕುಗ್ಗುತ್ತೆ. ನೀವು ಎಷ್ಟು ಮುಚ್ಚಿದ್ರೂ ಅದು ಎದ್ದು ಬಂದು ಕೂರುತ್ತೆ."

ಈ ಸಂಜೆ ಮತ್ತೆ ಗರಗಸ ಹಿಡಿದದ್ದು ಅದಕ್ಕೇ: ಕುಗ್ಗಿದ ಪುಟ್ಟಿಯನ್ನು ಬಿಡಿಸಿ ಬಿಗಿಯಾಗಿ ತುಂಬೋಣವೆಂದು. ಊಟವಿಲ್ಲದೆ ಮಲಗಿದ ಅಮ್ಮನಿಗೆ ಹೊದಿಕೆ ಹೊದಿಸಿ ಬಂದು ಅರ್ಧ ಉಳಿದಿದ್ದ ಗೀರನ್ನು ನೋಡಿದ. ಸೊಟ್ಟಗಾಗಿತ್ತು.

ಆ ವಾರವೆಲ್ಲ ಅವನು ವೈದ್ಯರ ಅಚ್ಚುಗಳನ್ನು ಮೂಲೆಗೆ ತಳ್ಳಿ ಅದೊಂದನ್ನೇ ಮಾಡಿದ. ಭಾನುವಾರ ಅಕ್ಕ ಬರುವವಳಿದ್ದಳು. ಬಂದರೆ ಅಮ್ಮನನ್ನು ಕರೆದುಕೊಂಡೇ ಹೋಗುತ್ತೇನೆ ಎಂದು ಕಳೆದ ಸಲವೇ ಹೇಳಿ ಹೋಗಿದ್ದಳು.

ಅಕ್ಕ ಬಾಡಿಗೆ ಗಾಡಿಯನ್ನು ಬೀದಿಯ ತುದಿಯಲ್ಲಿ ನಿಲ್ಲಿಸಿಕೊಂಡೇ ಬಂದಳು. ಜೀವನವೆಲ್ಲ ಹೊಲಿಗೆ ಯಂತ್ರದ ಮುಂದೆ ಕೂತವಳು. ಯಾವ ಮಾತನ್ನೂ ಕತ್ತರಿಯಲ್ಲೇ ಶುರುಮಾಡುತ್ತಿದ್ದಳು.

"ಪುಟ್ಟಾ, ಮನೆ ತುಂಬ ಅದೇನು ವಾಸನೆ? ಪೆಟ್ರೋಲ್ ಬಂಕ್ ಇಟ್ಟಿದ್ದೀಯಾ?"

"ಬಣ್ಣಕ್ಕೆ ಬೆರೆಸೋ ತಿನ್ನರ್ ಅಕ್ಕ."

"ಅದಕ್ಕೇ ಅಮ್ಮಂಗೆ ದಿನಾ ಗಾಡಿ ಬರೋದು! ಕಣ್ಣಿಲ್ಲದೋಳ ಮೂಗಿಗೆ ಇದನ್ನ ಹಿಡಿದ್ರೆ ಇನ್ನೇನು ಬರುತ್ತೆ, ವಿಮಾನನಾ?"

ಅವನು ತಲೆ ತಗ್ಗಿಸಿದ. ಗಾಡಿ ಬರತೊಡಗಿದ ಮೇಲಲ್ಲವೇ ತಾನು ಕಿಟ್ ತಂದದ್ದು? ಹಾಗೆಂದೇ ನಂಬಿದ್ದ. ಈಗ ಯಾವುದು ಮೊದಲು, ಯಾವುದು ಆಮೇಲೆ ಎಂದು ಅವನಿಗೇ ಗೊಂದಲವಾಯಿತು.

ಅಕ್ಕ ಮೇಜಿನ ಮೇಲಿದ್ದ ಕಾರನ್ನು ನೋಡಿದಳು. "ಹಸಿರು ಯಾಕೋ? ಅಪ್ಪನ ಗಾಡಿ ಕೆನೆಬಣ್ಣ."

"ಹಸಿರು. ನಾನು ನೋಡಿದ್ದೀನಿ."

"ಅಜ್ಜಿ ಮನೆಯಿಂದ ರಜಕ್ಕೆ ಬಂದಾಗ ನಾನೂ ನೋಡಿದ್ದೀನಿ. ಮುಂದಿನಿಂದ ನೋಡಿದೋರಿಗೆ ಕೆನೆ, ಹಿಂದಿನಿಂದ ನೋಡಿದೋರಿಗೆ ಹಸಿರು. ಸರ್ಕಸ್‌ನೋರ ಗಾಡಿ ಅಂದ್ಕೊಂಡ್ಯಾ?" ಹಾಗೆಂದವಳು ಅಮ್ಮನ ಬಟ್ಟೆಗಳನ್ನು ಮಡಚಿ ಚೀಲಕ್ಕೆ ತುಂಬತೊಡಗಿದಳು. "ನಮ್ಮನೆ ಎರಡನೇ ಮಹಡಿ. ಗೇಟೂ ಇಲ್ಲ, ಅಂಗಳಾನೂ ಇಲ್ಲ. ಯಾವ ಗಾಡಿ ಬರುತ್ತೋ ನಾನೂ ನೋಡ್ತೀನಿ."

"ಒಂದ್ನಿಮಿಷ ಇರಕ್ಕ. ಇದನ್ನ ಕೈಗೆ ಕೊಟ್ಟು ನೋಡೋಣ. ಆಮೇಲೆ ನೀನು ಹೇಳಿದ ಹಾಗೆ."

ಅಮ್ಮ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಅವನು ಮೊಣಕಾಲೂರಿ ಕಾರನ್ನು ಅವಳ ಅಂಗೈಯಲ್ಲಿಟ್ಟ. "ಗಾಡಿ ಅಮ್ಮ. ನಮ್ಮದೇ."

ಅವಳ ಬೆರಳು ಮೊದಲು ಚಕ್ರ ಮುಟ್ಟಿದವು. ಆಮೇಲೆ ಉದ್ದನೆಯ ಮೂತಿ, ಉಬ್ಬಿದ ದೀಪಗಳು, ಉಗುರಗಲದ ಗಾಜು. ಸ್ಟೀರಿಂಗ್ ಸಿಕ್ಕಾಗ ಹಲ್ಲಿಲ್ಲದ ಬಾಯಿ ತುಸು ತೆರೆಯಿತು. ಬೆರಳುಗಳು ಸೀಟುಗಳನ್ನು ದಾಟಿ ಹಿಂದಕ್ಕೆ ಸರಿದವು. ಅಲ್ಲಿ ನಿಂತವು. ಮತ್ತೆ ತಡವಿದವು.

"ಇದಲ್ಲ."

"ಅದೇ ಅಮ್ಮ. ಸರಿಯಾಗಿ ನೋಡು."

"ಇದೇನು, ಒಂಟೆಗೆ ಚಕ್ರ ಹಾಕಿದ್ದೀಯಾ? ಹಿಂದುಗಡೆ ಇಷ್ಟು ಎತ್ತರ ಇರ್ಲಿಲ್ಲ."

"ಇತ್ತಮ್ಮ. ನನಗೆ ನೆನಪಿದೆ. ಅದರ ಹಿಂದೆ ಓಡಿದ್ದೀನಿ ನಾನು." ಅವನ ಧ್ವನಿ ಸಣ್ಣ ಹುಡುಗನದಾಯಿತು.

"ಇಷ್ಟು ಎತ್ತರ ಇದ್ದಿದ್ರೆ ನಾನ್ಯಾಕೋ ಬಗ್ಬೇಕಿತ್ತು?"

ಅಕ್ಕನ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. "ಯಾಕೆ ಬಗ್ತಿದ್ದೆ ಅಮ್ಮ?"

"ತಳ್ಳೋಕೆ." ಇದು ಯಾರಿಗೆ ತಾನೇ ಗೊತ್ತಿಲ್ಲ ಎನ್ನುವಂತಿತ್ತು ಅವಳ ಧ್ವನಿ. "ಬೆಳಗಿನ ಚಳಿಗೆ ಅದು ಯಾವತ್ತು ಸ್ಟಾರ್ಟ್ ಆಗಿತ್ತು? ಅವರು ರಾಜನ ಹಾಗೆ ಕೂತಿರೋರು. ನಾನು ಹಿಂದಿನಿಂದ ತಳ್ತಿದ್ದೆ. ಸೊಂಟ ಬಿದ್ದುಹೋಗ್ತಿತ್ತು, ಅಷ್ಟು ತಗ್ಗು."

ಅಮ್ಮ ಕಾರಿನ ಉಬ್ಬಿದ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸುತ್ತಲೇ ಇದ್ದಳು.

"ಅವತ್ತೂ ತಳ್ದೆ," ಎಂದಳು. "ಎರಡೇ ಸೀಟಿನ ಗಾಡಿ ತಂದಾಗ್ಲೇ ಗೊತ್ತಿತ್ತು ನನಗೆ. ಹೆಂಡ್ತಿ ಮಕ್ಕಳಿರೋನು ತರೋ ಗಾಡಿನಾ ಅದು? ಆದ್ರೂ ತಳ್ದೆ. ನಿಲ್ಲಿಸಿದ್ರೆ ಅದೂ ನಿಂತಿರ್ತಿತ್ತು. ಗೇಟಿನವರೆಗೂ ತಳ್ದೆ. ಅಲ್ಲಿ ಇಳಿಜಾರು ಸಿಕ್ತು, ಕೆಮ್ಮಿ ಸ್ಟಾರ್ಟ್ ಆಯ್ತು. ತಿರುಗಿ ಕೂಡ ನೋಡ್ಲಿಲ್ಲ." ಉಸಿರು ಎಳೆದುಕೊಂಡಳು. "ಇವನು ನನ್ನ ಬೆನ್ನಿಗೇ ಓಡಿ ಬರ್ತಿದ್ದ. ಶಾಲಿನ ತುದಿ ಹಿಡ್ಕೊಂಡು."

ಅವನು ಒಮ್ಮೆ ಕಣ್ಣು ಮುಚ್ಚಿದ. ಆಮೇಲೆ ಕೇಳಿದ, "ಹಸಿರು ಶಾಲು ಅಲ್ವಾ ಅಮ್ಮ?"

"ಹೂಂ. ಪಾಚಿಹಸಿರು. ನಿನಗೆಲ್ಲಿ ನೆನಪಿರುತ್ತೆ ಅದು?"

ಅಕ್ಕ ತಮ್ಮನ ಮುಖ ನೋಡಿದಳು, ಕಾರಿನ ಬೆನ್ನು ನೋಡಿದಳು.

ಅವನು ಎದ್ದು ಗರಗಸ, ಮೇಣದ ಚಾಕು ತಂದು ಅಲ್ಲೇ ನೆಲದ ಮೇಲೆ ಕೂತ. ಎಲ್ಲಿ ಕೊಯ್ಯಬೇಕೆಂದು ಹುಡುಕಬೇಕಾಗಿರಲಿಲ್ಲ. ವಾರವಿಡೀ ಬಿಗಿಯಾಗಿ ತುಂಬಿ ಉಜ್ಜಿದ್ದರೂ ಗೀರು ಬೆಳಿಗ್ಗೆಯೇ ಮತ್ತೆ ಮೂಡಿತ್ತು. ಗರಗಸ ಅದರೊಳಗೆ ತಾನಾಗಿ ಇಳಿಯಿತು. ಗುಲಾಬಿ ಪಟ್ಟಿ ಕಳಚಿ ಅವನ ತೊಡೆಯ ಮೇಲೆ ಬಿತ್ತು. ಮೇಲಿನ ತುಂಡನ್ನು ಕೆಳಗಿಳಿಸಿ ಹಲ್ಲು ಕೂರಿಸುವ ಮೇಣದಿಂದ ಅಂಟಿಸಿದ. ಅಂಗಡಿಯವನು ಹೇಳಿದ್ದ ಉಗುರಿನ ದಪ್ಪಕ್ಕೆ ಮೇಣ ಬಿಟ್ಟ, ಅದಕ್ಕಿಂತ ಹೆಚ್ಚಿಲ್ಲ. ಬಣ್ಣ ಕಿತ್ತು, ಅಂಚು ಒರಟಾಗಿ, ಕಾರು ನೋಡಲು ಗಾಯಗೊಂಡಂತಿತ್ತು. ಅದನ್ನೇ ಕೊಟ್ಟ.

ಅಮ್ಮ ಎರಡು ಬೆರಳನ್ನು ಹಿಂಭಾಗದ ಮೇಲೆ ಊರಿದಳು. "ಹಾಂ," ಎಂದಳು. "ಇದು."

ಆಮೇಲೆ ನೆಲ ಎಲ್ಲಿದೆ ಎಂದು ಕೇಳಿದಳು. ಅವನು ಅವಳ ಕೈಹಿಡಿದು ತೋರಿಸಿದ. ಅವಳು ಮಂಚದ ಅಂಚಿನಿಂದ ಬಾಗಿದಳು, ಬೆನ್ನುಮೂಳೆ ರವಿಕೆಯೊಳಗೆ ಸಾಲಾಗಿ ಎದ್ದಿತು. ಕಾರನ್ನು ನೆಲದ ಮೇಲಿಟ್ಟು, ಎರಡೂ ಕೈಯ ಬೆರಳು ಹಿಂದೆ ಇಟ್ಟು, ತಳ್ಳಿದಳು.

ತೊಳೆದ ನೀರು ಹರಿದುಹೋಗಲೆಂದು ಆ ನೆಲಕ್ಕೆ ಬಾಗಿಲ ಕಡೆ ಸ್ವಲ್ಪ ಇಳಿಜಾರಿತ್ತು. ಕಾರು ಸಣ್ಣ ಸದ್ದು ಮಾಡುತ್ತ ಓಡಿತು. ಅಮ್ಮ ತಲೆ ವಾಲಿಸಿ ಕೇಳುತ್ತಿದ್ದಳು. ಹೊಸ್ತಿಲಿಗೆ ಮೂತಿ ತಾಗಿ ಅದು ನಿಂತಿತು.

"ಹೋಯ್ತಾ?"

ಅಕ್ಕ ಹೊಸ್ತಿಲ ಬಳಿ ನಿಂತಿದ್ದ ಕಾರನ್ನು ನೋಡುತ್ತಲೇ ಹೇಳಿದಳು, "ಹೋಯ್ತಮ್ಮ."

"ಸರಿ. ಗೇಟು ಹಾಕು ಮಗಾ. ತಿಂಗಳುಗಟ್ಟಲೆ ತೆರೆದಿಟ್ಟು ಚಿಲಕ ಅಲ್ಲಾಡಿಸ್ತೀಯ, ಕಣ್ಣು ಹೋದ್ರೆ ಕಿವೀನೂ ಹೋಯ್ತು ಅಂದ್ಕೊಂಡ್ಯಾ?" ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಬರ್ತಾ ನನ್ನ ಹಲ್ಲು ತೊಳೆದು ತಗೊಂಡ್ ಬಾ. ಹಸಿವಾಗ್ತಿದೆ."

ಅಕ್ಕ ಅರ್ಧ ತುಂಬಿದ ಚೀಲವನ್ನು ಹಾಗೇ ಬಿಟ್ಟು ಅಡುಗೆಮನೆಗೆ ಹೋದಳು. ಪಾತ್ರೆಯ ಸದ್ದು ಬಂತು, ಮೂಗು ಒರೆಸಿಕೊಂಡ ಸದ್ದೂ ಬಂತು.

ಅವನು ಕಾರನ್ನು ದಾಟಿ ಹೊರಗೆ ಬಂದ. ಬಿಸಿಲು ಇಳಿದಿತ್ತು. ಗೇಟಿನ ಬುಡ ಮಣ್ಣಿನಲ್ಲಿ ಹೂತುಕೊಂಡಿತ್ತು, ಒಂದು ಕೈಗೆ ಅಲುಗಲಿಲ್ಲ. ಅವನು ಬಗ್ಗಿ ಕೆಳಗಿನ ಸರಳಿಗೆ ಎರಡೂ ಅಂಗೈ ಕೊಟ್ಟ. ಕಬ್ಬಿಣ ಇನ್ನೂ ಬೆಚ್ಚಗಿತ್ತು. ಕೀಲು ಕೆಮ್ಮಿತು. ಆಗ ಹಿಂದಿನಿಂದ ಯಾರೋ ಅಂಗಿಯ ತುದಿಯನ್ನು ಮೆಲ್ಲಗೆ ಹಿಡಿದುಕೊಂಡಂತಾಯಿತು, ಚಿಕ್ಕ ಕೈಯಲ್ಲಿ, ಬಿಗಿಯಾಗಿ.

ಅವನು ತಿರುಗಿ ನೋಡಲಿಲ್ಲ. ಇನ್ನಷ್ಟು ಬಗ್ಗಿ ತಳ್ಳಿದ.