ಟೈಲರಕ್ಕ ಮುಚ್ಚದ ಬ್ರೌಸರ್

ಟೈಲರಕ್ಕನಿಗೆ ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಸೂಜಿಗೆ ದಾರ ಪೋಣಿಸುತ್ತಾಳೆ, ಬಿಡುತ್ತಾಳೆ, ಬಾಗಿಲಿಗೆ ಹೋಗಿ ಎದುರಿನ ಬ್ಯೂಟಿ ಪಾರ್ಲರ್ ಕಡೆ ನೋಡುತ್ತಾಳೆ. ಪಾರ್ಲರಿನವಳ ಕಂಪ್ಯೂಟರಿಗೆ ಯಾರೋ ನುಗ್ಗಿ, ಅವಳ ಇಮೇಲಿನಿಂದ ಗಿರಾಕಿಗಳಿಗೆಲ್ಲ ಕೆಟ್ಟ ಕೆಟ್ಟ ಸಂದೇಶ ಕಳಿಸಿದ್ದಾರೆ. ಪಾಪ, ಅವಳು ಮುಖ ತೋರಿಸಲಾರದೆ ಒಳಗೇ ಕೂತಿದ್ದಾಳೆ.

ಮಧ್ಯಾಹ್ನ ನಾದಿನಿ ಬಂದಳು. ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು.

"ಆ ಪಾರ್ಲರಿನವಳು ಸುಮ್ನಿರದೆ ಏನೋ ಒತ್ತಿರಬೇಕು ಬಿಡು," ಎಂದಳು ಟೈಲರಕ್ಕ.

"ಏನೂ ಒತ್ತಿಲ್ಲ ಅತ್ತಿಗೆ, ಈಗಷ್ಟೇ ಅವಳ ಕಂಪ್ಯೂಟರ್ ನೋಡಿ ಬಂದೆ. ಬ್ರೌಸರ್ ಹಳೇದು, ಅದರಲ್ಲೊಂದು ತೂತಿತ್ತು. ಕೆಟ್ಟ ಪುಟ ಒಂದು ತೆರೆದ್ರೂ ಸಾಕು, ಒಳಗೆ ಬಂದ್ಬಿಡ್ತಾರೆ. ನಿಮ್ಮದು ಅಪ್‌ಡೇಟ್ ಆಗಿದೆಯಾ?"

ಟೈಲರಕ್ಕ ತನ್ನ ಅಂಗಡಿಯ ಕಂಪ್ಯೂಟರಿನ ಕಡೆ ನೋಡಿದಳು. ಪರದೆಯ ಮೂಲೆಯಲ್ಲಿ ಅಪ್‌ಡೇಟ್ ಸೂಚನೆ ಬಂದಾಗಲೆಲ್ಲ ಅವಳು 'ಆಮೇಲೆ' ಎಂದೇ ಒತ್ತಿದ್ದಾಳೆ. ಗಿರಾಕಿ ಮೆಚ್ಚಿದ ಡಿಸೈನಿನ ಪುಟವನ್ನು ತೆರೆದೇ ಇಡುವುದು, ಹೊಲಿದು ಕೊಟ್ಟ ಮೇಲೆ ಮುಚ್ಚುವುದು ಅವಳ ಪದ್ಧತಿ. ಬ್ರೌಸರ್ ಮುಚ್ಚಿದರೆ ಎಲ್ಲ ನೀರುಪಾಲು ಎಂಬ ಭಯಕ್ಕೆ ಕಂಪ್ಯೂಟರನ್ನು ಆರಿಸುವುದೂ ಇಲ್ಲ.

"ನನ್ನ ಹತ್ರ ಕದಿಯೋಕೆ ಏನಿದೆ, ಚಿಂದಿ ಬಟ್ಟೆನಾ?"

"ಗಿರಾಕಿಗಳು ಹಾಕ್ಕೊಂಡು ನೋಡಿ ಫೋಟೋ ಕಳಿಸ್ತಾರಲ್ಲ, ಎಲ್ಲಿ ಬಿಗಿ, ಎಲ್ಲಿ ಸಡಿಲ ಅಂತ. ಅವೆಲ್ಲಿವೆ?"

ಟೈಲರಕ್ಕ ಇಮೇಲ್ ತೆರೆದಳು. ಅರ್ಧ ಹೊಲಿದ ಬಟ್ಟೆಯಲ್ಲಿ ನಿಂತ ಹೆಂಗಸರು, ಹುಡುಗಿಯರು, ಎಲ್ಲರೂ ಇದೇ ಇಮೇಲಿನಲ್ಲಿದ್ದಾರೆ.

"ಅಯ್ಯೋ, ಈಗೇನೇ ಮಾಡ್ಲಿ? ಪುಟಗಳು ಹೋದ್ರೆ ಯಾರಿಗೆ ಏನು ಹೊಲೀಲಿ?"

"ಎಲ್ಲೂ ಹೋಗಲ್ಲ. ಮೊದಲು ಎಲ್ಲಾನೂ ಬುಕ್‌ಮಾರ್ಕ್ ಮಾಡಿಡೋಣ. ಅಪ್‌ಡೇಟ್ ಅಂದ್ರೆ ಹರಿದ ಕಡೆ ಹಾಕೋ ತೇಪೆ ಅಷ್ಟೇ. ತೇಪೆ ಹಾಕೋದನ್ನ ನಿಮಗೆ ನಾನು ಹೇಳಿಕೊಡಬೇಕಾ?"

ಪುಟಗಳನ್ನೆಲ್ಲ ಉಳಿಸಿಟ್ಟು ನಾದಿನಿ ಅಪ್‌ಡೇಟ್ ಒತ್ತಿದಳು, ಬ್ರೌಸರ್ ಮುಚ್ಚಿತು. ಟೈಲರಕ್ಕ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಳು. ಮತ್ತೆ ತೆರೆದಾಗ ಪುಟಗಳೆಲ್ಲ ಇದ್ದವು.

"ಇನ್ಮೇಲೆ ತಾನಾಗೇ ಅಪ್‌ಡೇಟ್ ಆಗೋ ಹಾಗೆ ಇಟ್ಟಿದೀನಿ. ಆದ್ರೆ ಅದು ಕೆಲಸ ಮಾಡಬೇಕಂದ್ರೆ ಬ್ರೌಸರ್ ಮುಚ್ಚಿ ತೆರೀಬೇಕು. ದಿನಾ ಅಂಗಡಿ ಜೊತೆ ಇದನ್ನೂ ಮುಚ್ಚಿ."

ಟೈಲರಕ್ಕನಿಗೆ ಸಮಾಧಾನವಾಗಲಿಲ್ಲ. "ಇಷ್ಟು ದಿನ ತೂತು ಇತ್ತಲ್ಲೇ. ಯಾರಾದ್ರೂ ಆಗಲೇ ಬಂದು ಹೋಗಿದ್ರೆ?"

"ಅದು ನನಗೂ ಗೊತ್ತಿಲ್ಲ ಅತ್ತಿಗೆ. ಬನ್ನಿ, ಇಮೇಲಿನ ಪಾಸ್‌ವರ್ಡ್ ಬದಲಾಯಿಸೋಣ."

ಆ ಸಂಜೆ ಟೈಲರಕ್ಕ ಹೊಲಿಗೆ ಮುಟ್ಟಲಿಲ್ಲ. ಕೂತು ಒಂದೊಂದೇ ಫೋಟೋ ಅಳಿಸಿದಳು.

ಅಕ್ಕಂದಿರೇ, ಅಣ್ಣಂದಿರೇ, ಯಾವುದೋ ಜಾಲತಾಣದಲ್ಲಿ ಎದ್ದು ಬರುವ 'ಅಪ್‌ಡೇಟ್' ಒತ್ತಬೇಡಿ, ಅದು ಮೋಸದ್ದಿರಬಹುದು. ನಿಮ್ಮ ಬ್ರೌಸರಿನ ಮೆನುವಿನಲ್ಲೇ ಅಪ್‌ಡೇಟ್ ಮಾಡಿ, ಮುಚ್ಚಿ ತೆರೆಯಿರಿ. ಇವತ್ತೇ ಮಾಡಿ. ನಿಮ್ಮನ್ನು ನಂಬಿದವರ ಮುಖ ಅದರೊಳಗಿದೆ.